ಐವತ್ತಾರು ಗುಂಗುರು: ಒಬ್ಬ ಬಾಲನಟಿ ಮೇಲೆ ಬಂದ ಬಗೆ

ಬೇಸಿಗೆ ರಜೆಯಲ್ಲಿ ಹಾಸನದ ಒಂದು ಮಕ್ಕಳ ಶಿಬಿರದಲ್ಲಿ ನಾನು ನಾಟಕ ಕಲಿಸುತ್ತೇನೆ. ಮೊದಲ ವಾರ ಕಳೆಯುವಷ್ಟರಲ್ಲಿ ಯಾರಾದರೂ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ಈ ಸಲ ಕೇಳಿದವರು ಆಲೂರಿನ ಕಡೆಯವರು. ಏಳು ವರ್ಷದ ಮಗಳ ಕೈ ಹಿಡಿದುಕೊಂಡೇ ಬಂದಿದ್ದರು.

"ಮೇಡಂ, ಇವ್ಳು ಟಿವಿ ನೋಡಿ ಹಂಗಂಗೇ ಮಾಡಿ ತೋರಿಸ್ತಾಳೆ. ಎಲ್ರೂ ಸಿನಿಮಾಕ್ಕೆ ಸೇರ್ಸಿ ಅಂತಾರೆ. ಹೆಂಗ್ ಸೇರ್ಸೋದು?"

ಅವರ ಮೊಬೈಲಿಗೆ ಒಂದು ಮೆಸೇಜ್ ಬಂದಿತ್ತು. ಬೆಂಗಳೂರಿನಲ್ಲಿ ಆಡಿಷನ್, ಹೊಸ ಮುಖಗಳು ಬೇಕು, ರಿಜಿಸ್ಟ್ರೇಷನ್‌ಗೆ ಇಷ್ಟು, ಫೋಟೋಶೂಟ್‌ಗೆ ಇಷ್ಟು ಎಂದು ಬರೆದಿತ್ತು. ಅವರ ಕಣ್ಣಲ್ಲಿ ಆಸೆ ಇತ್ತು, ಸ್ವಲ್ಪ ಅಳುಕೂ ಇತ್ತು. ಆ ಆಸೆಯಲ್ಲಿ ತಪ್ಪೇನಿಲ್ಲ. ಮಗು ಚೆನ್ನಾಗಿ ಹಾಡಿದರೆ, ಕುಣಿದರೆ, ನಾಲ್ಕು ಜನ ನೋಡಲಿ ಅಂತ ಯಾವ ತಾಯಿಗೆ ಅನ್ನಿಸುವುದಿಲ್ಲ?

ಅವರಿಗೆ ನಾನು ಒಂದು ಕಥೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದು ಶರ್ಲಿ ಟೆಂಪಲ್ ಎಂಬ ಅಮೆರಿಕದ ಹುಡುಗಿಯ ಕಥೆ. ನಮ್ಮ ಭಾಷೆಯಲ್ಲೇ ಎಷ್ಟೋ ಬಾಲನಟಿಯರಿರುವಾಗ ಅಷ್ಟು ದೂರ ಯಾಕೆ ಹೋಗಬೇಕು ಅನ್ನಿಸಬಹುದು. ಅದಕ್ಕೆ ಕಾರಣ ಇದೆ. ಒಂದು ಮಗು ಹೇಗೆ ತಾರೆಯಾಗುತ್ತದೆ, ಆ ಹೊತ್ತಿನಲ್ಲಿ ಯಾರು ಏನು ಮಾಡಿದರು, ದುಡ್ಡು ಎಲ್ಲಿ ಹೋಯಿತು ಎಂಬುದನ್ನೆಲ್ಲ ಆ ಮಗುವೇ ದೊಡ್ಡವಳಾದ ಮೇಲೆ ಲೆಕ್ಕ ಸಮೇತ ಬರೆದಿಟ್ಟಿದ್ದು ಕಡಿಮೆ. ಶರ್ಲಿ 1988ರಲ್ಲಿ ತಮ್ಮ ಆತ್ಮಕಥೆಯಲ್ಲಿ ಅದನ್ನು ಬರೆದರು.

ಶರ್ಲಿ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಅಪ್ಪ ಜಾರ್ಜ್ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. ಅಮ್ಮ ಗರ್ಟ್ರೂಡ್ ಮನೆ ನೋಡಿಕೊಳ್ಳುತ್ತಿದ್ದರು. ಮೇಲೆ ಇಬ್ಬರು ಅಣ್ಣಂದಿರು. ಅಮ್ಮನಿಗೆ ಹೆಣ್ಣು ಮಗುವೇ ಬೇಕೆಂಬ ಆಸೆ. ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಸಂಗೀತ ಕೇಳಿಸುತ್ತಿದ್ದರಂತೆ. ನಮ್ಮ ಅಭಿಮನ್ಯುವಿನ ಕಥೆ ನೆನಪಾಗುತ್ತದೆ, ಅಲ್ವಾ? ಚಕ್ರವ್ಯೂಹದ ಒಳಗೆ ಹೋಗುವ ದಾರಿ ಕೇಳಿಸಿಕೊಂಡ, ಹೊರಗೆ ಬರುವ ದಾರಿ ಕೇಳಿಸಿಕೊಳ್ಳಲಿಲ್ಲ.

ಮೂರು ವರ್ಷಕ್ಕೆ, 1931ರಲ್ಲಿ, ಅಮ್ಮ ಶರ್ಲಿಯನ್ನು ಲಾಸ್ ಏಂಜಲೀಸಿನ ಮೆಗ್ಲಿನ್ ಡ್ಯಾನ್ಸ್ ಶಾಲೆಗೆ ಸೇರಿಸಿದರು. ಚಾರ್ಲ್ಸ್ ಲ್ಯಾಮಾಂಟ್ ಎಂಬ ನಿರ್ದೇಶಕ ಮಕ್ಕಳನ್ನು ಆರಿಸಲು ಅಲ್ಲಿಗೆ ಬಂದರು. ಉಳಿದ ಮಕ್ಕಳೆಲ್ಲ ಸಾಲಾಗಿ ನಿಂತರೆ ಶರ್ಲಿ ಪಿಯಾನೋ ಹಿಂದೆ ಅಡಗಿಕೊಂಡಳು. ಅವರಿಗೆ ಇಷ್ಟವಾದದ್ದು ಅವಳೇ. ಈ ಪ್ರಸಂಗವನ್ನು ಎಲ್ಲರೂ ಮುದ್ದಾಗಿ ಹೇಳುತ್ತಾರೆ. ಹದಿನೈದು ವರ್ಷ ಮಕ್ಕಳ ಜೊತೆ ಕೆಲಸ ಮಾಡಿದ ನನಗೆ ಅದು ಬೇರೆ ಥರ ಕಾಣುತ್ತದೆ. ಮೂರು ವರ್ಷದ ಮಗು ಅಡಗಿಕೊಂಡರೆ ಅದಕ್ಕೆ ಇಷ್ಟವಿಲ್ಲ ಎಂದು ಅರ್ಥ. ಅದಕ್ಕೆ ಹೇಳಲು ಬರುವುದು ಅಷ್ಟೇ.

ಲ್ಯಾಮಾಂಟ್ ಕೆಲಸ ಮಾಡುತ್ತಿದ್ದ ಕಂಪನಿ ಎಜುಕೇಷನಲ್ ಪಿಕ್ಚರ್ಸ್. ದೊಡ್ಡವರ ಸಿನಿಮಾಗಳನ್ನು ಅಣಕಿಸುವ ಚಿಕ್ಕ ಚಿತ್ರಗಳನ್ನು ಅವರು ತೆಗೆಯುತ್ತಿದ್ದರು. ಎಲ್ಲ ಪಾತ್ರಗಳಿಗೂ ಪುಟ್ಟ ಮಕ್ಕಳೇ. ಸೊಂಟಕ್ಕೆ ದೊಡ್ಡ ಪಿನ್ನು ಚುಚ್ಚಿದ ಲಂಗೋಟಿ, ಬಾಯಲ್ಲಿ ದೊಡ್ಡವರ ಮಾತು, ದೊಡ್ಡವರ ಬೆಡಗು. ಇಂದು ನೋಡಿದರೆ ಮೈ ಜುಮ್ಮೆನ್ನುತ್ತದೆ. ತಂಟೆ ಮಾಡಿದ ಮಕ್ಕಳಿಗೆ ಅಲ್ಲಿ ಒಂದು ಶಿಕ್ಷೆ ಇತ್ತು. ಧ್ವನಿ ಮುದ್ರಿಸುವವರು ಬಳಸುತ್ತಿದ್ದ ಕಪ್ಪು ಗೂಡಿನೊಳಗೆ ಮಂಜುಗಡ್ಡೆಯ ಒಂದು ದಿಮ್ಮಿ ಇಟ್ಟಿರುತ್ತಿದ್ದರು. ಕೂರಬೇಕೆಂದರೆ ಅದರ ಮೇಲೇ ಕೂರಬೇಕು. ಶರ್ಲಿಯೂ ಅದರೊಳಗೆ ಕೂತು ಬಂದವಳು. ದೊಡ್ಡವರಾದ ಮೇಲೆ ಆ ಚಿತ್ರಗಳನ್ನು ಮಕ್ಕಳ ಮುಗ್ಧತೆಯ ದುರುಪಯೋಗ ಎಂದು ಅವರೇ ಕರೆದರು. ಖರ್ಚು ಸರಿದೂಗಿಸಲು ಇದೇ ಮಕ್ಕಳನ್ನು ತಿಂಡಿಪೊಟ್ಟಣಗಳ ಜಾಹೀರಾತಿಗೂ ನಿಲ್ಲಿಸುತ್ತಿದ್ದರು.

1933ರಲ್ಲಿ ಕಂಪನಿ ದಿವಾಳಿಯಾಯಿತು. ಅಪ್ಪ 25 ಡಾಲರ್ ಕೊಟ್ಟು ಮಗಳ ಕರಾರನ್ನು ಬಿಡಿಸಿಕೊಂಡರು. ಮುಂದಿನ ವರ್ಷ ಅಮೆರಿಕವೇ ಹೆಸರು ಹಿಡಿದು ಕರೆಯಲಿದ್ದ ಹುಡುಗಿಗೆ ಆಗ ಇದ್ದ ಬೆಲೆ ಅಷ್ಟು.

ಇಲ್ಲಿಂದ ಅದೃಷ್ಟ ಬರುತ್ತದೆ. ಫಾಕ್ಸ್ ಎಂಬ ಸಿನಿಮಾ ಕಂಪನಿಗೆ ಹಾಡು ಕಟ್ಟುತ್ತಿದ್ದ ಜೇ ಗೋರ್ನಿ ಒಂದು ಚಿತ್ರಮಂದಿರದ ಹಜಾರದಲ್ಲಿ ಈ ಹುಡುಗಿ ಕುಣಿಯುವುದನ್ನು ಕಂಡರು. ಆಡಿಷನ್ ಆಯಿತು. ವಾರಕ್ಕೆ 150 ಡಾಲರ್, ಗ್ಯಾರಂಟಿ ಎರಡೇ ವಾರಕ್ಕೆ. 1934ರಲ್ಲಿ ಬಂದ 'ಸ್ಟ್ಯಾಂಡ್ ಅಪ್ ಆ್ಯಂಡ್ ಚಿಯರ್' ಚಿತ್ರದಲ್ಲಿ ಅವಳದು ಒಂದು ಹಾಡಿನ ಪಾತ್ರ. ಜನ ಆ ಹಾಡನ್ನೇ ಹಿಡಿದುಕೊಂಡರು. ಅದೇ ವರ್ಷದ ಜುಲೈನಲ್ಲಿ ಸಂಬಳ ವಾರಕ್ಕೆ 1000 ಡಾಲರ್ ಆಯಿತು. ಅಮ್ಮನಿಗೆ ಬೇರೆಯಾಗಿ 250. ವರ್ಷದ ಕೊನೆಗೆ ಅವಳಿಗೆಂದೇ ಬರೆದ 'ಬ್ರೈಟ್ ಐಸ್' ಬಂತು. 1935ರ ಫೆಬ್ರವರಿಯಲ್ಲಿ ಪುಟ್ಟ ಗಾತ್ರದ ವಿಶೇಷ ಆಸ್ಕರ್ ಕೈಗೆ ಕೊಟ್ಟರು. ಏಳು ವರ್ಷ ಇನ್ನೂ ತುಂಬಿರಲಿಲ್ಲ. 1935ರಿಂದ 1938ರವರೆಗೆ, ಸತತ ನಾಲ್ಕು ವರ್ಷ, ಅಮೆರಿಕದ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ತಂದ ತಾರೆ ಅವಳೇ. ದೊಡ್ಡ ದೊಡ್ಡ ನಾಯಕರೂ ಆ ಪಟ್ಟಿಯಲ್ಲಿ ಅವಳ ಕೆಳಗಿದ್ದರು.

ಇದು ಹೇಗೆ ಆಯಿತು? ಪ್ರತಿಭೆ ಇತ್ತು, ಅನುಮಾನವೇ ಬೇಡ. ಆದರೆ ಅದೇ ಡ್ಯಾನ್ಸ್ ಶಾಲೆಯಲ್ಲಿ ಪ್ರತಿಭೆ ಇದ್ದ ಬೇರೆ ಮಕ್ಕಳೂ ಇದ್ದರು. ಮಗುವಿನ ಸುತ್ತ ಇದ್ದ ಕಾಲವನ್ನು ನೋಡಬೇಕು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಿತ್ತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸ ಇರಲಿಲ್ಲ. ಬ್ಯಾಂಕುಗಳು ಮುಚ್ಚಿದ್ದವು. ಜೇಬಿನಲ್ಲಿ ಉಳಿದ ಚಿಲ್ಲರೆಯಲ್ಲಿ ಜನ ಸಿನಿಮಾಕ್ಕೆ ಹೋಗುತ್ತಿದ್ದರು. ಸಿನಿಮಾಕ್ಕೆ ಮಾತು ಬಂದು ಆಗಿನ್ನೂ ಕೆಲವೇ ವರ್ಷ. ಹಾಡುವ, ಕುಣಿಯುವ, ಪಟಪಟನೆ ಮಾತಾಡುವ ಮಗು ಪರದೆಯ ಮೇಲೆ ಹೊಸ ವಿಷಯ.

ಕಥೆಗಳಲ್ಲೂ ಒಂದು ಅಚ್ಚು ಇತ್ತು. ಅಪ್ಪ ಅಮ್ಮ ಇಲ್ಲದ, ಇಲ್ಲವೇ ಒಬ್ಬರೇ ಇರುವ ಹುಡುಗಿ. ಎದುರಿಗೆ ಸಿಡುಕುವ ಮುದುಕ, ಮುನಿದ ಗಂಡ ಹೆಂಡತಿ, ಮನಸ್ಸು ಕಲ್ಲಾದ ಶ್ರೀಮಂತ. ಕೊನೆಯ ರೀಲಿನ ಹೊತ್ತಿಗೆ ಹುಡುಗಿ ಎಲ್ಲರನ್ನೂ ಕರಗಿಸಿಬಿಡುತ್ತಾಳೆ. ದೊಡ್ಡವರು ಕೆಡಿಸಿಟ್ಟದ್ದನ್ನು ಮಗು ಸರಿ ಮಾಡುತ್ತದೆ. ಸೋತ ದೇಶಕ್ಕೆ ಆಗ ಬೇಕಾಗಿದ್ದ ಕಥೆ ಅದು. ನಮ್ಮಲ್ಲೂ ಇದೇ ಅಚ್ಚು ಓಡಿದೆ. ಮುರಿದ ಸಂಸಾರವನ್ನು ಕೂಡಿಸುವ ಪುಟಾಣಿ, ದೇವರ ಮುಂದೆ ನಿಂತು ಅಳುವ ಪುಟಾಣಿ ಎಷ್ಟು ಚಿತ್ರಗಳಲ್ಲಿ ಬಂದಿಲ್ಲ?

ಜೊತೆಗೆ ವ್ಯಾಪಾರ. 1934ರಲ್ಲೇ ಶರ್ಲಿ ಗೊಂಬೆ ಮಾರುಕಟ್ಟೆಗೆ ಬಂತು. ಅವಳ ಹೆಸರಿನ ಫ್ರಾಕು, ಅವಳ ಚಿತ್ರದ ಪಾತ್ರೆ ಪಗಡ ಎಲ್ಲ ಬಂದವು. ಸಿನಿಮಾ ಗೊಂಬೆಯನ್ನು ಮಾರಿತು, ಗೊಂಬೆ ಸಿನಿಮಾವನ್ನು ಮಾರಿತು.

ಇನ್ನು ಅಮ್ಮ. ಶರ್ಲಿ ಮೇಲೆ ಬಂದದ್ದನ್ನು ಅರ್ಥ ಮಾಡಿಕೊಳ್ಳಲು ಗರ್ಟ್ರೂಡ್ ಅವರ ದಿನಚರಿ ನೋಡಿದರೆ ಸಾಕು. ರಾತ್ರಿ ಮಲಗುವ ಮೊದಲು ಮರುದಿನದ ಮಾತುಗಳನ್ನು ಅಮ್ಮ ಓದಿ ಹೇಳುತ್ತಿದ್ದರು, ಮಗಳು ಬಾಯಿಪಾಠ ಮಾಡುತ್ತಿದ್ದಳು. ತನ್ನ ಮಾತಷ್ಟೇ ಅಲ್ಲ, ಎದುರಿನವರ ಮಾತೂ ಅವಳಿಗೆ ಬರುತ್ತಿತ್ತು. ಆಮೇಲೆ ಕೂದಲು. ಪ್ರತಿ ಸಲ 56 ಸುರುಳಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ತಲೆ ಒಂದೇ ಥರ ಕಾಣಬೇಕಲ್ಲ, ಅದಕ್ಕೆ. ಸೆಟ್ಟಿನಲ್ಲಿ ಕ್ಯಾಮೆರಾ ಓಡುವ ಮೊದಲು ಅಮ್ಮ ಪಕ್ಕದಿಂದ ಒಂದು ಮಾತು ಹೇಳುತ್ತಿದ್ದರು: ಮಿಂಚು, ಶರ್ಲಿ, ಮಿಂಚು.

ಐದಾರು ವರ್ಷದ ಮಗು ಅಭಿನಯಿಸುವುದು ಎಂದರೆ ಏನು? ನನ್ನ ಶಿಬಿರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಆ ವಯಸ್ಸಿನ ಮಕ್ಕಳಿಗೆ ಪಾತ್ರ, ಭಾವ ಎಂಬ ದೊಡ್ಡ ಮಾತು ಬೇಕಿಲ್ಲ. ಅವರಲ್ಲಿರುವುದು ಮೂರು: ಹಾಡಿನ ಥರ ಮಾತನ್ನು ನೆನಪಿಡುವ ಶಕ್ತಿ, ಕಂಡದ್ದನ್ನು ಮಾಡಿ ತೋರಿಸುವ ಚಪಲ, ಮೆಚ್ಚಿನ ದೊಡ್ಡವರನ್ನು ಖುಷಿಪಡಿಸುವ ಆಸೆ. ಮೊದಲೆರಡು ಚೆನ್ನ. ಮೂರನೆಯದರ ವಿಷಯದಲ್ಲಿ ಎಚ್ಚರ ಬೇಕು. ಮಗುವಿಗೆ ಹಸಿವಾಗಿರುತ್ತದೆ, ಆದರೂ "ಇನ್ನೊಂದು ಟೇಕ್ ಕೊಡ್ತೀಯಾ ಪುಟ್ಟಾ" ಅಂದರೆ ತಲೆಯಾಡಿಸುತ್ತದೆ. ಅದನ್ನು ಒಪ್ಪಿಗೆ ಅಂದುಕೊಳ್ಳಬಾರದು.

ಅಳು ಬೇಕಾದಾಗ ಇದು ಇನ್ನೂ ಕೆಡುತ್ತದೆ. 1931ರ 'ಸ್ಕಿಪ್ಪಿ' ಚಿತ್ರದಲ್ಲಿ ಜಾಕಿ ಕೂಪರ್ ಎಂಬ ಹುಡುಗ ಅಳಬೇಕಿತ್ತು. ನಿರ್ದೇಶಕ ನಾರ್ಮನ್ ಟಾರಾಗ್ ಸಂಬಂಧದಲ್ಲಿ ಅವನ ತಾಯಿಯ ಸಹೋದರಿಯ ಗಂಡನೇ ಆಗಬೇಕು. ನಿನ್ನ ನಾಯಿಯನ್ನು ಗುಂಡಿಟ್ಟು ಕೊಲ್ಲಿಸುತ್ತೇನೆ ಎಂದು ಹೆದರಿಸಿ ಅಳಿಸಿದರು. ಆ ಹುಡುಗ ಐವತ್ತು ವರ್ಷದ ಮೇಲೆ ಬರೆದ ಆತ್ಮಕಥೆಗೆ ಆ ನಾಯಿಯ ಮಾತನ್ನೇ ಹೆಸರಿಟ್ಟ. ಅಷ್ಟು ಕಾಲ ಮನಸ್ಸಿನಲ್ಲಿ ಉಳಿದಿತ್ತು.

ಒಳ್ಳೆಯ ಗುರು ಸಿಕ್ಕರೆ ಇದೇ ಕೆಲಸ ಎಷ್ಟು ಚಂದ ಆಗುತ್ತದೆ ಎಂಬುದಕ್ಕೂ ಶರ್ಲಿಯ ಬದುಕಿನಲ್ಲೇ ಸಾಕ್ಷಿ ಇದೆ. 1935ರ 'ದಿ ಲಿಟಲ್ ಕರ್ನಲ್' ಚಿತ್ರದಲ್ಲಿ ಬಿಲ್ ರಾಬಿನ್‌ಸನ್ ಎಂಬ ಕಪ್ಪು ಜನಾಂಗದ ಮಹಾನ್ ನರ್ತಕ ಅವಳ ಜೊತೆ ಮೆಟ್ಟಿಲ ಮೇಲೆ ಕುಣಿದರು. ಅವಳಿಗೆ ಅವರು ಅಂಕಲ್ ಬಿಲ್ಲಿ. ಪಾದ ನೋಡಿ ಎಣಿಸುವುದಲ್ಲ, ಕಿವಿಯಿಂದ ಲಯ ಹಿಡಿಯುವುದನ್ನು ಅವರು ಕಲಿಸಿದರು. ಇಬ್ಬರೂ ಕೈ ಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿ. ಆ ಮಗು ಅಲ್ಲಿ ನಿಜವಾಗಿ ಆಡುತ್ತಿದೆ. ಅಮೆರಿಕದ ದಕ್ಷಿಣದ ಊರುಗಳಲ್ಲಿ ಈ ದೃಶ್ಯವನ್ನು ಕತ್ತರಿಸಿ ತೋರಿಸುತ್ತಿದ್ದರು. ಬಿಳಿಯ ಮಗುವೂ ಕಪ್ಪು ಮನುಷ್ಯನೂ ಕೈ ಹಿಡಿದದ್ದನ್ನು ಅಲ್ಲಿನವರು ಸಹಿಸಲಿಲ್ಲ.

ಬಾಲನಟಿಯ ಬಂಡವಾಳ ಅವಳ ವಯಸ್ಸು. ಅದು ದಿನ ದಿನ ಕರಗುತ್ತದೆ. ಹಾಗಾಗಿ ಫಾಕ್ಸ್ ಕಂಪನಿ ಅವಳ ವಯಸ್ಸಿನಲ್ಲಿ ಒಂದು ವರ್ಷ ಕಡಿಮೆ ಮಾಡಿಬಿಟ್ಟಿತು. ಹುಡುಗಿಗೂ ಹೇಳಿರಲಿಲ್ಲ. ಹನ್ನೆರಡು ತುಂಬಿತು ಅಂದುಕೊಂಡ ಹುಟ್ಟುಹಬ್ಬದ ದಿನ ಅವಳಿಗೆ ಗೊತ್ತಾಯಿತು, ತನಗೆ ಹದಿಮೂರು ಎಂದು. ಆ ಹೊತ್ತಿಗೆ ಓಟ ಮುಗಿಯುತ್ತಾ ಬಂದಿತ್ತು. 1940ರ 'ದಿ ಬ್ಲೂ ಬರ್ಡ್' ಸೋತಿತ್ತು. ಅಪ್ಪ ಅಮ್ಮ ಕರಾರು ಮುಗಿಸಿಕೊಂಡು ಮಗಳನ್ನು ಶಾಲೆಗೆ ಕಳಿಸಿದ್ದರು.

ಈಗ ದುಡ್ಡಿನ ವಿಷಯ. ಆಲೂರಿನ ಆ ತಾಯಿ ಇಲ್ಲಿಯವರೆಗೆ ನಿಂತುಕೊಂಡೇ ಕೇಳುತ್ತಿದ್ದವರು ಇಲ್ಲಿ ಕೂತರು.

ಶರ್ಲಿ ದುಡಿದದ್ದು ಒಟ್ಟು ಸುಮಾರು 32 ಲಕ್ಷ ಡಾಲರ್. ಮದುವೆಯಾಗಿ, ಮಗುವಾಗಿ, 22ನೆಯ ವಯಸ್ಸಿನಲ್ಲಿ ಲೆಕ್ಕ ಕೇಳಿದಾಗ ಉಳಿದಿದ್ದದ್ದು ಸುಮಾರು 44 ಸಾವಿರ. ಮನೆ ಖರ್ಚು, ಆಳುಕಾಳು, ನೆಂಟರಿಷ್ಟರು, ಅಪ್ಪನ ಕೈ ಹತ್ತದ ಹೂಡಿಕೆಗಳು, ಎಲ್ಲದರಲ್ಲೂ ಹೋಗಿತ್ತು. ಅವರ ಅಪ್ಪ ಕುಡುಕರಲ್ಲ, ಮೋಸಗಾರರೂ ಅಲ್ಲ. ಬ್ಯಾಂಕಿನ ಕೆಲಸ ಬಲ್ಲವರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಮಗುವಿನ ದುಡ್ಡು ಕರಗಲು ಕೆಟ್ಟ ಅಪ್ಪ ಅಮ್ಮ ಬೇಕಾಗಿಲ್ಲ. ಮನೆಯ ದುಡ್ಡು, ಮಗುವಿನ ದುಡ್ಡು ಒಂದೇ ಡಬ್ಬಿಯಲ್ಲಿದ್ದರೆ ಸಾಕು.

ಇದು ಅವರೊಬ್ಬರ ಕಥೆಯಲ್ಲ. 1921ರಲ್ಲಿ ಚಾಪ್ಲಿನ್ ಜೊತೆ 'ದಿ ಕಿಡ್' ಚಿತ್ರದಲ್ಲಿ ನಟಿಸಿದ ಜಾಕಿ ಕೂಗನ್ ಲಕ್ಷಗಟ್ಟಲೆ ಡಾಲರ್ ದುಡಿದ. ದೊಡ್ಡವನಾಗಿ ಕೇಳಿದರೆ ತಾಯಿಯೂ ಮಲತಂದೆಯೂ ಖರ್ಚು ಮಾಡಿ ಮುಗಿಸಿದ್ದರು. 1938ರಲ್ಲಿ ಕೋರ್ಟಿಗೆ ಹೋದ. ಸಿಕ್ಕಿದ್ದು 1 ಲಕ್ಷ 26 ಸಾವಿರ ಡಾಲರ್. ಆದರೆ ಆ ಗಲಾಟೆಯಿಂದ 1939ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು. ಜನ ಅದನ್ನು ಕೂಗನ್ ಕಾನೂನು ಎಂದೇ ಕರೆಯುತ್ತಾರೆ. ಈಗ ಅಲ್ಲಿ ಮಗುವಿನ ಗಳಿಕೆಯಲ್ಲಿ ಶೇಕಡಾ 15ರಷ್ಟು ಬೇರೆ ಖಾತೆಗೆ ಹೋಗಬೇಕು. ಆ ಕಾನೂನು ಬರುವ ಹೊತ್ತಿಗೆ ಶರ್ಲಿಯ ಒಳ್ಳೆಯ ದಿನಗಳು ಕಳೆದಿದ್ದವು.

"ಅದು ಅಮೆರಿಕ ಆಯ್ತು. ನಮ್ ಕಡೆ?" ಎಂದರು ಆ ತಾಯಿ.

ನಮ್ಮ ಕಡೆಯೂ ಮಕ್ಕಳು ಸಿನಿಮಾದಲ್ಲಿ ಬೆಳಗಿದ್ದಾರೆ. ಶ್ರೀದೇವಿ ನಾಲ್ಕರ ವಯಸ್ಸಿಗೆ ತಮಿಳಿನಲ್ಲಿ ಕ್ಯಾಮೆರಾ ಎದುರಿಸಿದವರು. 1974ರ 'ಭಕ್ತ ಕುಂಬಾರ'ದಲ್ಲಿ ರಾಜ್‌ಕುಮಾರ್ ಅವರ ಜೊತೆ ಬಾಲನಟಿಯಾಗಿ ಕನ್ನಡಕ್ಕೂ ಬಂದರು. ಬೇಬಿ ಶಾಮಿಲಿ ತೀರಾ ಪುಟ್ಟ ವಯಸ್ಸಿನಲ್ಲೇ, 1990ರ ತಮಿಳಿನ 'ಅಂಜಲಿ'ಗೆ ರಾಷ್ಟ್ರ ಪ್ರಶಸ್ತಿ ಪಡೆದರು. ಅದೇ ವರ್ಷ 'ಮತ್ತೆ ಹಾಡಿತು ಕೋಗಿಲೆ'ಯಲ್ಲಿ ಕನ್ನಡದವರ ಮನೆ ಮಗಳಾದರು. ಪುನೀತ್ ರಾಜ್‌ಕುಮಾರ್ 1985ರ 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದು, 2002ರಲ್ಲಿ 'ಅಪ್ಪು' ಆಗಿ ನಾಯಕರಾದರು. ಹೆಸರಿಗೆ ಮೊದಲು ಸೇರಿಸುವ 'ಬೇಬಿ', 'ಮಾಸ್ಟರ್' ಎಂಬ ಪದಗಳನ್ನು ಗಮನಿಸಿ. ಆ ಪದ ಕಳಚಿದ ಮೇಲೆ ಸಿನಿಮಾದಲ್ಲಿ ಉಳಿದವರು ಬೆರಳೆಣಿಕೆ. ಮೇಲೆ ಹೇಳಿದ ಹೆಸರುಗಳಲ್ಲಿ ಸಿನಿಮಾ ಮನೆಯಲ್ಲೇ ಹುಟ್ಟಿದವರೂ ಇದ್ದಾರೆ ಎಂಬುದನ್ನು ಮರೆಯಬೇಡಿ. ಆಲೂರಿನಿಂದ ಹೋಗುವ ಮಗುವಿಗೆ ಆ ಆಸರೆ ಇರುವುದಿಲ್ಲ.

ಆದರೆ ಕಾನೂನಿನ ಆಸರೆ ಇದೆ. ಇದು ಬಹಳ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂತು. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆಗೆ ತೊಂದರೆಯಾಗದಂತೆ ಸಿನಿಮಾ, ಸೀರಿಯಲ್, ಜಾಹೀರಾತುಗಳಲ್ಲಿ ಕಲಾವಿದರಾಗಿ ದುಡಿಯಲು ವಿನಾಯಿತಿ ಇದೆ. ಅದಕ್ಕೆ ಏನೇನು ಷರತ್ತು ಎಂಬುದು 2017ರ ನಿಯಮಗಳಲ್ಲಿದೆ.

ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಬಿಡುವು ಕೊಡದೆ 3 ಗಂಟೆ ದಾಟುವಂತಿಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಹೆಚ್ಚೆಂದರೆ ಐದು ಮಕ್ಕಳಿಗೆ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಸೆಟ್ಟಿನಲ್ಲಿ ಇರಬೇಕು. ಪಾಠ ತಪ್ಪದ ಹಾಗೆ ನಿರ್ಮಾಪಕರು ನೋಡಿಕೊಳ್ಳಬೇಕು. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಏನನ್ನೂ ಮಾಡಿಸುವಂತಿಲ್ಲ. ಪಿಯಾನೋ ಹಿಂದೆ ಅಡಗಿದ ಮಗುವಿಗೆ ಬೇಕಿದ್ದದ್ದು ಈ ಸಾಲು. ಇನ್ನು ಗಳಿಕೆಯಲ್ಲಿ ಕನಿಷ್ಠ ಶೇಕಡಾ 20 ಭಾಗ ನೇರವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಮಗು ವಯಸ್ಕರಾದ ಮೇಲೆ ಅದು ಅವರ ಕೈಗೆ. ನನ್ನ ಮಟ್ಟಿಗೆ 20 ಕಡಿಮೆಯೇ ಆಯಿತು. ದುಡಿದದ್ದು ಮಗು, ಎಂಬತ್ತು ಭಾಗ ಬೇರೆಯವರ ಕೈಗೆ ಯಾಕೆ?

ಇನ್ನೊಂದು ಷರತ್ತು ನಮ್ಮ ಊರಿಗೇ ಸಂಬಂಧಪಟ್ಟದ್ದು. ಎಲ್ಲಿ ಶೂಟಿಂಗ್ ನಡೆಯುತ್ತದೋ ಆ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ, ಅಂದರೆ ಡಿಸಿ ಅವರ, ಅನುಮತಿಯನ್ನು ನಿರ್ಮಾಪಕರು ಮೊದಲೇ ಪಡೆಯಬೇಕು. ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ, ಸುರಕ್ಷತೆ ಯಾರ ಹೊಣೆ ಎಂಬುದನ್ನೆಲ್ಲ ಬರೆದು ಮುಚ್ಚಳಿಕೆ ಕೊಡಬೇಕು. ಅದು 6 ತಿಂಗಳಿಗೆ ಮಾತ್ರ. ಸಕಲೇಶಪುರದ ತೋಟದಲ್ಲಿ ಮಗುವಿನ ದೃಶ್ಯ ತೆಗೆದರೆ ಹಾಸನದ ಡಿಸಿ. ಮುಳ್ಳಯ್ಯನಗಿರಿಯಲ್ಲಿ ತೆಗೆದರೆ ಚಿಕ್ಕಮಗಳೂರಿನ ಡಿಸಿ. ಮುಳ್ಳಯ್ಯನಗಿರಿಯ ಬೆಳಗಿನ ಗಾಳಿ ಗೊತ್ತಲ್ಲ? ಸ್ವೆಟರ್ ಹಾಕಿಕೊಂಡ ದೊಡ್ಡವರೇ ಅಲ್ಲಿ ನಡುಗುತ್ತಾರೆ. ಬೆಳಕು ಚೆನ್ನಾಗಿದೆ ಅಂತ ತೆಳು ಫ್ರಾಕಿನ ಮಗುವನ್ನು ನಸುಕಿನಲ್ಲೇ ನಿಲ್ಲಿಸುವವರನ್ನು ತಡೆಯಲು ಒಂದು ಕಾಗದ, ಒಬ್ಬ ಹೊಣೆಗಾರ ಇರಲೇಬೇಕು.

ಸೀರಿಯಲ್ಲುಗಳು ಹೆಚ್ಚಾಗಿ ತಯಾರಾಗುವುದು ಬೆಂಗಳೂರಿನಲ್ಲಿ. ಹಾಸನದಿಂದ ಸುಮಾರು 180 ಕಿಲೋಮೀಟರ್. ಹೋಗಿ ಬರುವುದಕ್ಕೇ ಏಳೆಂಟು ಗಂಟೆ ಬೇಕು. ಐದು ಗಂಟೆಯ ಕೆಲಸಕ್ಕೆ ಮಗು ನಸುಕಿಗೆ ಎದ್ದು ರಾತ್ರಿ ಮನೆ ಸೇರುತ್ತದೆ. ಇಲ್ಲವೇ ಅಮ್ಮನೊಂದಿಗೆ ಅಲ್ಲೇ ಬಾಡಿಗೆ ಮನೆ, ಅಪ್ಪ ಇಲ್ಲಿ, ಶಾಲೆ ಎಲ್ಲೋ. ಇದನ್ನು ಆಡಿಷನ್ನಿಗೆ ಮೊದಲೇ ಮನೆಯವರೆಲ್ಲ ಕೂತು ಮಾತಾಡಬೇಕು.

ಮೆಸೇಜಿನ ಬಗ್ಗೆಯೂ ಹೇಳಿದೆ. ಪಾತ್ರ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಕೆಲವು ವರ್ಷದ ಹಿಂದೆ ನನ್ನ ಶಿಬಿರದ ಮೂವರು ಮಕ್ಕಳ ಮನೆಯವರು ಹೀಗೇ ಕಟ್ಟಿ ಬಂದರು. ಒಂದು ಆಲ್ಬಂ ಕೈಗೆ ಬಂತು, ಪಾತ್ರ ಬರಲಿಲ್ಲ. ಅವರನ್ನು ನಾನು ಮೊದಲೇ ಎಚ್ಚರಿಸಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಈ ತಾಯಿ ಅಲ್ಲಿಂದಲೇ ಆ ನಂಬರಿಗೆ ಫೋನ್ ಹಚ್ಚಿದರು. ಡಿಸಿ ಪರ್ಮಿಷನ್ ಯಾರು ತಗೋತಾರೆ, ಮಗು ಹೆಸರಲ್ಲಿ ಎಫ್‌ಡಿ ಯಾವ ಬ್ಯಾಂಕಲ್ಲಿ ಮಾಡ್ತೀರಾ ಎಂದು ಕೇಳಿದರು. ಆ ಕಡೆಯವರು ಆಮೇಲೆ ಹೇಳುತ್ತೇವೆ ಎಂದು ಇಟ್ಟುಬಿಟ್ಟರು.

ಶರ್ಲಿ ಮುಂದೆ ಏನಾದರು ಎಂದೂ ಅವರು ಕೇಳಿದರು. ಶಾಲೆಗೆ ಸೇರಿದ ಮೇಲೂ ಕೆಲವು ಚಿತ್ರಗಳಲ್ಲಿ ನಟಿಸಿ, 1950ರಲ್ಲಿ ಸಿನಿಮಾ ಪೂರ್ತಿ ಬಿಟ್ಟರು. 1974ರಲ್ಲಿ ಘಾನಾಕ್ಕೆ, 1989ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಅಮೆರಿಕದ ರಾಯಭಾರಿಯಾದರು. 85 ವರ್ಷ ಬದುಕಿ 2014ರಲ್ಲಿ ತೀರಿಕೊಂಡರು. ಗಟ್ಟಿ ಹೆಂಗಸು.

ಅಷ್ಟು ಹೊತ್ತೂ ಮಗಳು ಅಮ್ಮನ ಸೆರಗು ಸುತ್ತುತ್ತಾ ನಿಂತಿದ್ದಳು. ಅವಳ ಪ್ರಶ್ನೆ ಬೇರೆಯೇ ಇತ್ತು.

"ಮಿಸ್, ಆ ಹುಡ್ಗಿಗೆ ಫ್ರೆಂಡ್ಸ್ ಇದ್ರಾ?"

ಸ್ಟುಡಿಯೋದ ಒಳಗೇ ಅವಳಿಗೊಂದು ಪುಟ್ಟ ಮನೆ ಕಟ್ಟಿಕೊಟ್ಟಿದ್ದರು ಎಂದೆ. ಪಾಠ ಹೇಳಲು ಅಲ್ಲಿಗೇ ಟೀಚರ್ ಬರುತ್ತಿದ್ದರು. ಕ್ಲಾಸಿನಲ್ಲಿ ಅವಳೊಬ್ಬಳೇ. ಬೇರೆ ಮಕ್ಕಳ ಜೊತೆ ಬೆಂಚಿನಲ್ಲಿ ಕೂತದ್ದು ಹನ್ನೆರಡು ವರ್ಷವಾದ ಮೇಲೆ, ಸಿನಿಮಾ ಬೇಡವೆಂದು ಕಳಿಸಿದ ನಂತರ.

ಹುಡುಗಿ ಸ್ವಲ್ಪ ಯೋಚಿಸಿದಳು. "ಹಂಗಾದ್ರೆ ಜೂಟಾಟ ಯಾರ್ ಜೊತೆ ಆಡ್ತಿದ್ಲು?"

ಅದು ನನಗೂ ಗೊತ್ತಿಲ್ಲ ಎಂದೆ. ಅಷ್ಟರಲ್ಲಿ ಹೊರಗೆ ಬಯಲಿನಿಂದ ಯಾರೋ ಅವಳ ಹೆಸರು ಕೂಗಿದರು.